ಹೊಗೆ ಹಾಕದ ಕೋಣೆ

ಅಡಿಲೇಡ್
28 ಫೆಬ್ರವರಿ 1999

ಮೇವಿಸ್ ಚಿಕ್ಕವ್ವನಿಗೆ,

ಮೊದಲೇ ಸಾರಿ ಕೇಳಿಬಿಡುತ್ತೇನೆ. ಈ ಕಾಗದದಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಇರುತ್ತದೆ. ನೀನು ಕೆಂಪು ಪೆನ್ ಹಿಡಿದುಕೊಂಡೇ ಓದುತ್ತೀಯ ಎಂದು ಗೊತ್ತು. ಡಾರ್ವಿನ್ ಪಟ್ಟಣದ ಹಾಸ್ಟೆಲ್ಲಿನಲ್ಲಿ ನಾನು ನಿದ್ದೆಯಲ್ಲಿ ಮಾತ್ರ ನಮ್ಮ ಮಾತು ಆಡುತ್ತಿದ್ದೆನಂತೆ, ಪಕ್ಕದ ಮಂಚದವಳು ಹೇಳುತ್ತಿದ್ದಳು. ಇಲ್ಲಿಯ ರೂಮ್‌ಮೇಟ್ ಹೇಳುವ ಪ್ರಕಾರ ಈಗ ನಿದ್ದೆಯೂ ಇಂಗ್ಲಿಷ್ ಆಗಿದೆ.

ಯೂನಿವರ್ಸಿಟಿ ತುಂಬಾ ದೊಡ್ಡದು ಚಿಕ್ಕವ್ವ. ಮೊದಲ ವಾರ ದಿನಾ ದಾರಿ ತಪ್ಪಿದೆ. ಲೆಕ್ಚರ್ ಶುರುವಾದ ಮೇಲೆ ಬಾಗಿಲು ತೆಗೆಯಲು ಭಯವಾಗಿ ಹೊರಗೇ ಕೂತು, ಒಳಗಿನವರು ನಕ್ಕಾಗ ಯಾಕೆ ನಕ್ಕರು ಎಂದು ಯೋಚಿಸುತ್ತಿದ್ದೆ. ನಿನ್ನ ಹಾಗೆ ಟೀಚರ್ ಆಗುತ್ತೇನೆ ಎಂದು ಹೊರಟವಳು, ಕ್ಲಾಸಿನಲ್ಲಿ ಕೈ ಎತ್ತಿದರೆ ಬೆವರುತ್ತೇನೆ.

ಮೊನ್ನೆ ಕ್ಲಾಸಿನಲ್ಲಿ ನಮ್ಮಂಥ ಮೂಲನಿವಾಸಿ ಊರುಗಳ ಸ್ಕೂಲುಗಳ ವಿಷಯ ಬಂತು. ಮೊದಲು ಮನೆಮಾತಿನಲ್ಲಿ ಓದು ಕಲಿಸಿ, ಆಮೇಲೆ ಇಂಗ್ಲಿಷಿಗೆ ದಾಟಿಸುವ ಸ್ಕೂಲು. ಒಬ್ಬ ಹುಡುಗ, ಒಳ್ಳೆಯವನೇ, ನನಗೆ ಒಂದು ಸಲ ಛತ್ರಿ ಕೊಟ್ಟಿದ್ದ, ಅವನು ಹೇಳಿದ: "ಆ ಭಾಷೆ ಮನೇಲಿ ಹೇಗಿದ್ರೂ ಕಲೀತಾರಲ್ಲ, ಸ್ಕೂಲಲ್ಲೂ ಅದೇ ಯಾಕೆ? ಇರೋ ಟೈಮನ್ನ ಇಂಗ್ಲಿಷಿಗೆ ಕೊಡಬಾರದಾ?" ಎಲ್ಲರೂ ತಲೆಯಾಡಿಸಿದರು. ಯಾರೂ ಕೆಟ್ಟವರಲ್ಲ. ಯಾರಿಗೂ ಗೊತ್ತಿಲ್ಲ ಅಷ್ಟೆ. ಉತ್ತರ ಹೊಳೆದದ್ದು ರಾತ್ರಿ ಹಲ್ಲುಜ್ಜುವಾಗ.

ನಮ್ಮ ಟ್ಯೂಟರ್ ಹೆಲೆನ್ ಜೂನ್ ಹತ್ತರಂದು ಟೌನ್ ಹಾಲಿನಲ್ಲಿ ಈ ಬಗ್ಗೆ ಪಬ್ಲಿಕ್ ಮೀಟಿಂಗ್ ಇಡುತ್ತಿದ್ದಾರೆ. ಸರ್ಕಾರದವರೂ ಬರುತ್ತಾರಂತೆ. ಅಂಥ ಸ್ಕೂಲಿನಲ್ಲಿ ಓದಿದವಳು ನಾನೊಬ್ಬಳೇ ಎಂದು ನನ್ನನ್ನೇ ಮಾತಾಡು ಎನ್ನುತ್ತಿದ್ದಾರೆ. ಇನ್ನೂ ಹೂಂ ಎಂದಿಲ್ಲ. ಟೆನ್ಶನ್ನಿನಲ್ಲಿ ಊಟ ಸೇರುತ್ತಿಲ್ಲ.

ಸೈಲಾಸ್ ಅಜ್ಜನ ಆಮೆ ಪುಸ್ತಕ ಮುಗಿಯಿತಾ? ನಾನು ಹೊರಟ ದಿನ ವಿಮಾನದ ಹತ್ತಿರ ಅವರು ಕೊಟ್ಟ ಕ್ಯಾಸೆಟ್ ದಿನಾ ಕೇಳುತ್ತೇನೆ. ಅವರು ಓದುತ್ತಾ ಮಧ್ಯೆ ಯಾರಿಗೋ "ಏಯ್, ಮೂಗು ಒರೆಸ್ಕೊಳೋ" ಎನ್ನುತ್ತಾರಲ್ಲ, ಅಲ್ಲಿಗೆ ಬಂದಾಗ ನಾನೂ ಮೂಗು ಮುಟ್ಟಿಕೊಳ್ಳುತ್ತೇನೆ.

ಕೊರಾಲಿ


ಮಿಲ್ಯಾಂಬಿ ದ್ವೀಪ
14 ಮಾರ್ಚ್ 1999

ಮಗಳೇ ಕೊರಾಲಿ,

ನಿನ್ನ ಕಾಗದವನ್ನು ಹುಣಸೆ ಮರದ ಕೆಳಗೆ ಎಲ್ಲರಿಗೂ ಓದಿ ಹೇಳಿದೆ. ಇಂಗ್ಲಿಷ್ ಬಂದಲ್ಲೆಲ್ಲ ನಮ್ಮ ಮಾತು ಹಾಕಿಕೊಂಡು ಓದಿದೆ, ನಿನ್ನ ಮರ್ಯಾದೆ ಉಳಿಯಿತು. ಎಲ್ಸಿ ಅಜ್ಜಿ ಮಾತ್ರ ಮೋಸ ಹೋಗಲಿಲ್ಲ. "ಇದು ನನ್ನ ಮೊಮ್ಮಗಳು ಬರೆದಿದ್ದೋ, ನೀನು ಬರೆದಿದ್ದೋ?" ಎಂದಳು. ನೀನು ಬಾಗಿಲ ಹೊರಗೆ ಕೂತ ಕಥೆಗೆ ನಿನ್ನ ಸೈಲಾಸ್ ಅಜ್ಜ ಕೆಮ್ಮು ಬರುವಷ್ಟು ನಕ್ಕರು. ಆ ಕೆಮ್ಮು ಮಳೆಗಾಲದಿಂದ ಬಿಟ್ಟಿಲ್ಲ. ಕ್ಲಿನಿಕ್ಕಿಗೆ ಹೋಗಿ ಎಂದು ಅವರ ತಂಗಿ, ನಿನ್ನ ಎಲ್ಸಿ ಅಜ್ಜಿ, ದಿನಾ ಬೈಯುತ್ತಾಳೆ. ಆಮೆಗೆ ಬಣ್ಣ ಹಾಕಿ ಮುಗಿಸಿ ಹೋಗುತ್ತೇನೆ ಎಂದು ಅವರು ದಿನಾ ಪುಸ್ತಕದ ಕೋಣೆಗೆ ಬರುತ್ತಾರೆ. ಅಲ್ಲಿರುವ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಅವರ ಕೈಯವೇ.

ಹೊಸ ಹೆಡ್‌ಮಾಸ್ಟರ್ ಬಂದಿದ್ದಾನೆ, ತೆಳ್ಳಗಿನ ಬಿಳಿಯ, ದಕ್ಷಿಣದವನು. ಪಾಪದವನು. ಅಂಗಡಿ ಹಿಂದಿನ ಮನೆಯವರು ತೀರಿಹೋದರಲ್ಲ, ಅವರ ಹೆಸರನ್ನೇ ಇಟ್ಟ ಹುಡುಗ ನಮ್ಮ ಮೂರನೇ ಕ್ಲಾಸಿನಲ್ಲಿದ್ದಾನೆ. ಈ ಮಾಸ್ಟರ್ ಹಾಜರಿ ಕರೆಯುತ್ತಾ ಆ ಹೆಸರನ್ನು ಗಟ್ಟಿಯಾಗಿ ಕೂಗಿಯೇಬಿಟ್ಟ. ಇಡೀ ಕ್ಲಾಸು ಬೆಂಚಿನ ಕೆಳಗೆ. ಅವನು ಹಾವು ಬಂತೆಂದು ಕುರ್ಚಿಯ ಮೇಲೆ. ಆಮೇಲೆ ಕೂರಿಸಿಕೊಂಡು ಹೇಳಿದೆ: ಸತ್ತವರ ಹೆಸರು ಎತ್ತಬಾರದು, ಅವರು ಬರೆದದ್ದು ಬಿಡಿಸಿದ್ದು ಮುಟ್ಟಬಾರದು, ದನಿ ಅಂತೂ ಕೇಳಲೇಬಾರದು, ಕೇಳಿದರೆ ಜೀವ ದಾರಿ ತಪ್ಪಿ ಹಿಂದಿರುಗುತ್ತದೆ. ಹಸಿ ಎಲೆಯ ಹೊಗೆ ಹಾಕಿದ ಮೇಲೆ ಎಲ್ಲ ತೆರೆಯುತ್ತದೆ. "ಎಷ್ಟು ದಿನಕ್ಕೆ ಹಾಕ್ತೀರಿ?" ಎಂದ. "ಅಳು ಮುಗಿದ ಮೇಲೆ" ಎಂದೆ. ಪುಸ್ತಕದಲ್ಲಿ ಬರೆದುಕೊಂಡ. ಆ ಮನೆಯವರ ಹೊಗೆ ಆಯಿತು, ಅವರು ಬಿಡಿಸಿದ ಮೀನಿನ ಚಿತ್ರ ಮತ್ತೆ ಗೋಡೆಗೆ ಬಂತು.

ಏಪ್ರಿಲ್ ಕೊನೆಗೆ ಸರ್ಕಾರದ ತಂಡ ಬರುತ್ತದೆ. ನಮ್ಮ ಮಾತಿನ ಪಾಠ ಇರಬೇಕೋ ಬೇಡವೋ ಎಂದು ಅವರೇ ಬರೆಯುವುದು. ಪುಸ್ತಕದ ಕೋಣೆ ತೋರಿಸಿದರೆ ಸಾಕು, ಬಾಯಿ ಮುಚ್ಚುತ್ತಾರೆ.

ಹೂಂ ಎಂದು ಹೇಳು ಮಗಳೇ. ನಾನು ಅಷ್ಟು ಜನರ ಮುಂದೆ ಇಂಗ್ಲಿಷಿನಲ್ಲಿ ಮಾತಾಡಲಾರೆ. ನಿನ್ನನ್ನು ಆ ಹಾಸ್ಟೆಲ್ಲಿಗೆ ಕಳಿಸಿ ನಾನು ಅತ್ತದ್ದು ಇದಕ್ಕಾದರೂ ಆಗಲಿ.

ಮೇವಿಸ್ ಚಿಕ್ಕವ್ವ


ಅಡಿಲೇಡ್
27 ಮಾರ್ಚ್ 1999

ಚಿಕ್ಕವ್ವ,

ಹೂಂ ಎಂದೆ. ಹೆಲೆನ್ ಆಗಲೇ ನನ್ನ ಹೆಸರು ಬರೆದುಕೊಂಡರು.

ಹೆಡ್‌ಮಾಸ್ಟರ್ ಕುರ್ಚಿ ಹತ್ತಿದ್ದನ್ನು ಓದಿ ಲೈಬ್ರರಿಯಲ್ಲಿ ನಕ್ಕು ಬೈಸಿಕೊಂಡೆ. ಹಾಸ್ಟೆಲ್ಲಿನಲ್ಲಿ ನಮಗೆ ಅದೆಲ್ಲ ಎಲ್ಲಿ? ತೀರಿಹೋದವರ ಹೆಸರಿನವಳೊಬ್ಬಳನ್ನು ವಾರ್ಡನ್ ದಿನಕ್ಕೆ ಹತ್ತು ಸಲ ಕೂಗುತ್ತಿದ್ದಳು. ಮೊದಮೊದಲು ಕಿವಿ ಮುಚ್ಚಿಕೊಳ್ಳುತ್ತಿದ್ದೆವು, ಆಮೇಲೆ ಅಭ್ಯಾಸವಾಯಿತು.

ಸೈಲಾಸ್ ಅಜ್ಜನಿಗೆ ಒಂದು ಪ್ರಶ್ನೆ ಕೇಳಿ ಬರಿ. "ನಿಮ್ಮ ಭಾಷೇಲಿ ಓದಿ ಏನು ಕೆಲಸ ಸಿಗುತ್ತೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸೈಲಾಸ್ ಅಜ್ಜ ಆದರೆ ಏನು ಹೇಳುತ್ತಿದ್ದರು? ಅವರ ಮಾತನ್ನು ಹಾಗೇ ಹೇಳುತ್ತೇನೆ. ಆಮೆ ಪುಸ್ತಕದ ಒಂದು ಕಾಪಿ ಕಳಿಸು, ಎತ್ತಿ ತೋರಿಸಬೇಕು. ಜೋನಾ ಮಾವನ ಕಿಡ್ನಿ ಹೇಗಿದೆ? ಡಾರ್ವಿನ್ನಿನಲ್ಲಿ ಆ ರಕ್ತ ತೊಳೆಯುವ ಮಷೀನಿಗೆ ಈಗಲೂ ವಾರಕ್ಕೆ ಮೂರು ಸಲವಾ?

ಕೊರಾಲಿ


ಮಿಲ್ಯಾಂಬಿ
25 ಏಪ್ರಿಲ್ 1999

ಕೊರಾಲಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮರದ ಕೆಳಗೆ ಓದಿ ಹೇಳಲಿಲ್ಲ. ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಇನ್ನು ಸ್ವಲ್ಪ ಕಾಲ ನನಗೆ ಬರೆಯುವಾಗ ನಿನ್ನ ವಿಷಯ ಮಾತ್ರ ಬರಿ. ಊರಿನ ಹಿರಿಯರ ಹೆಸರುಗಳನ್ನು ಬರೆಯಬೇಡ. ಪ್ರಶ್ನೆ ಕೇಳಬೇಡ.

ಪುಸ್ತಕದ ಕೋಣೆ ಮುಚ್ಚಿದೆ. ನೀನು ಕೇಳಿದ ಪುಸ್ತಕ ಕಳಿಸಲು ಆಗುವುದಿಲ್ಲ.

ಜೋನಾ ಮಾವ ನಿನ್ನಲ್ಲಿಗೆ ಬರಬೇಕೆಂದಿದ್ದಾನೆ. ಯಂತ್ರ ಬಿಟ್ಟು ಯಾವಾಗ ಬರಬಹುದೆಂದು ಡಾಕ್ಟರನ್ನು ಕೇಳುತ್ತಿದ್ದಾನೆ. ಅವನು ಬಂದಾಗ ಕೂತು ಮಾತಾಡಿ. ಅಲ್ಲಿಯವರೆಗೆ ಚೆನ್ನಾಗಿ ಊಟ ಮಾಡು.

ಚಿಕ್ಕವ್ವ


ಅಡಿಲೇಡ್
8 ಮೇ 1999

ಚಿಕ್ಕವ್ವ,

ನಿನ್ನ ಕಾಗದ ಹತ್ತು ಸಲ ಓದಿದೆ. ನೀನು ಹಾಗೆ ಬರೆಯುವವಳಲ್ಲ. ನನ್ನ ಭಾಷೆ ಕೆಟ್ಟಿದೆ ಎಂದು ನಾಚಿಕೆಯಾಗಿ ಓದಿ ಹೇಳಲಿಲ್ಲವಾ? ಸತ್ತವರ ಹೆಸರು ಕೇಳಿ ಅಭ್ಯಾಸವಾಯಿತು ಎಂದು ಬರೆದೆನಲ್ಲ, ಅದಕ್ಕೆ ಸಿಟ್ಟಾ? ಅದು ತಮಾಷೆಗೆ ಬರೆದದ್ದು.

ಆಮೇಲೆ ಇನ್ನೊಂದು ಯೋಚನೆ ಬಂದು ನಿದ್ದೆ ಹೋಯಿತು. ಮಾವನಿಗೆ ಸೀರಿಯಸ್ಸಾ? ಮಷೀನ್ ಬಿಟ್ಟು ಇಷ್ಟು ದೂರ ಅವನು ಯಾಕೆ ಬರಬೇಕು? ಇಲ್ಲಿಯ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದಾರಾ? ಅಂಗಡಿಯ ಫೋನಿಗೆ ಮೂರು ಸಲ ಮಾಡಿದೆ. ಒಂದು ಸಲ ಯಾರೋ ಎತ್ತಿದರು. "ನಾನು ಕೊರಾಲಿ" ಎಂದೆ. ಉಸಿರು ಕೇಳಿಸಿತು, "ಆಮೇಲೆ ಮಾಡವ್ವ" ಎಂದು ಇಟ್ಟುಬಿಟ್ಟರು. ಮಾವನ ವಿಷಯ ಮುಚ್ಚಿಡಬೇಡಿ. ನಾನು ಚಿಕ್ಕವಳಲ್ಲ.

ಪುಸ್ತಕದ ಕೋಣೆಗೆ ಮತ್ತೆ ಗೆದ್ದಲು ಹತ್ತಿತಾ? ಸರ್ಕಾರದ ತಂಡ ಬರುವ ಹೊತ್ತಿಗೇ ಹೀಗಾಗಬೇಕಾ?

ಕೊರಾಲಿ


ಮಿಲ್ಯಾಂಬಿ
23 ಮೇ 1999

ಮಗಳೇ,

ನಿನ್ನ ಮೇಲೆ ಸಿಟ್ಟಿಲ್ಲ. ಮಾವನಿಗೆ ಏನೂ ಆಗಿಲ್ಲ, ಮೊದಲಿನ ಹಾಗೇ ಇದ್ದಾನೆ. ಇಷ್ಟು ನಂಬು.

ತಂಡ ಬಂದು ಹೋಯಿತು. ಮೂವರು. ಹುಣಸೆ ಮರದ ಕೆಳಗೆ ಕೂರಿಸಿ ಚಹಾ, ಬೂದಿಯಲ್ಲಿ ಸುಟ್ಟ ರೊಟ್ಟಿ ಕೊಟ್ಟೆವು. ಬೂದು ಕೋಟಿನವನೊಬ್ಬ, ಆ ಸೆಕೆಯಲ್ಲೂ ಕೋಟು, ಪುಸ್ತಕದ ಕೋಣೆಯ ಕಿಟಕಿಗೆ ಹಣೆ ಒತ್ತಿ ಒಳಗೆ ನೋಡಿದ. ತೆರೆಯಿರಿ ಎಂದ. ಈಗ ಆಗುವುದಿಲ್ಲ ಎಂದೆ. ಯಾಕೆ ಎಂದ. ಯಾಕೆಂದು ಹೇಳಲು ಬಾಯಿ ತೆರೆದರೆ ಆ ಹೆಸರೇ ಬರುತ್ತದೆ. "ಬೀಗದಕೈ ಕಳೆದಿದೆಯಾ?" ಎಂದು ಅವನೇ ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ. ಹೆಡ್‌ಮಾಸ್ಟರ್ ನೆಲ ನೋಡುತ್ತಾ ನಿಂತಿದ್ದ. ಅವನಿಗೆ ಗೊತ್ತಿತ್ತು, ಆದರೆ ನಾವು ಹೇಳದ್ದನ್ನು ತಾನು ಹೇಗೆ ಹೇಳಲಿ ಎಂದು ಸುಮ್ಮನಿದ್ದ. ಒಳ್ಳೆಯತನವೇ.

ಅವರು ಹೋದ ಮೇಲೆ ಹೆಡ್‌ಮಾಸ್ಟರೇ ಅವರಿಗೆ ಫೋನು ಮಾಡಿ ಕಾಡಿದ್ದಾನೆ. ಜೂನ್ ಹದಿನಾಲ್ಕಕ್ಕೆ ಅವರಲ್ಲೊಬ್ಬ ಮತ್ತೆ ಬಂದು ನೋಡಲು ಒಪ್ಪಿದ್ದಾನೆ. ಹನ್ನೆರಡನೇ ತಾರೀಕು ಶನಿವಾರ ಕೋಣೆ ತೆರೆಯುತ್ತದೆ. ಹಿರಿಯರು ಕೂತು ಗೊತ್ತುಮಾಡಿದ ದಿನ. ಸೋಮವಾರ ಅವನು ಬಂದು ಎಲ್ಲ ಕಪಾಟು ತೆಗೆದು ನೋಡಲಿ, ಮಕ್ಕಳನ್ನು ಓದಿಸಿ ಕೇಳಲಿ. ಗೆದ್ದಲು ಎಂದುಕೋ.

ಅಷ್ಟರೊಳಗೆ ನೀನು ಹತ್ತನೇ ತಾರೀಕು ಮಾತಾಡುತ್ತೀಯ. ಬೇರೆ ಯೋಚನೆ ಇಟ್ಟುಕೊಳ್ಳಬೇಡ. ಮಾವನಿಗೂ ಹೇಳಿದ್ದೇನೆ, ಹತ್ತು ಕಳೆಯಲಿ, ಆಮೇಲೆ ಹೋಗು ಎಂದು. ಒಳ್ಳೆಯ ಬಟ್ಟೆ ಹಾಕಿಕೋ.

ಚಿಕ್ಕವ್ವ


ಅಡಿಲೇಡ್
31 ಮೇ 1999

ಚಿಕ್ಕವ್ವ,

ಮಾವ ಚೆನ್ನಾಗಿದ್ದಾನೆ ಎಂದು ಓದಿ ಒಂದು ತಿಂಗಳಿನ ಹಸಿವು ಒಟ್ಟಿಗೇ ಬಂತು. ಎರಡು ಪ್ಲೇಟ್ ತಿಂದೆ.

ಒಳ್ಳೆಯ ಸುದ್ದಿ. ಮೀಟಿಂಗನ್ನು ರೇಡಿಯೋದಲ್ಲಿ ದೇಶಕ್ಕೆಲ್ಲ ಹಾಕುತ್ತಾರಂತೆ, ನೇರವಾಗಿ. ಸಂಜೆ ಏಳಕ್ಕೆ. ಕ್ಲಿನಿಕ್ಕಿನ ದೊಡ್ಡ ರೇಡಿಯೋ ತಂದು ಹುಣಸೆ ಮರಕ್ಕೆ ನೇತುಹಾಕಿ ಎಲ್ಲರೂ ಕೂತುಕೊಳ್ಳಿ. ಅಜ್ಜಿಯನ್ನು ಮುಂದೆ ಕೂರಿಸು, ಅವಳಿಗೆ ಕಿವಿ ಮಂದ. ಒಂದು ಸರ್‌ಪ್ರೈಸ್ ಇದೆ. ಈಗ ಹೇಳುವುದಿಲ್ಲ. ನೀನು ಗುಟ್ಟು ಇಟ್ಟುಕೊಳ್ಳುತ್ತೀಯಲ್ಲ, ನಾನೂ ಇಟ್ಟುಕೊಳ್ಳುತ್ತೇನೆ.

ಕೊರಾಲಿ


ಅಡಿಲೇಡ್
11 ಜೂನ್ 1999

ಚಿಕ್ಕವ್ವ, ಚಿಕ್ಕವ್ವ,

ಕೇಳಿದಿರಾ? ಎಲ್ಲ ಕೇಳಿದಿರಾ? ಬೆಳಗ್ಗೆಯಿಂದ ಅಂಗಡಿಯ ಫೋನು ಎಂಗೇಜ್. ಊರೆಲ್ಲ ಯಾರ್‍ಯಾರಿಗೋ ಮಾಡಿ ಹೇಳುತ್ತಿದ್ದೀರಿ ಎಂದುಕೊಂಡಿದ್ದೇನೆ.

ರೇಡಿಯೋದಲ್ಲಿ ಕಾಣದ್ದನ್ನು ಹೇಳುತ್ತೇನೆ. ಹಾಲ್ ತುಂಬಿತ್ತು. ಮೊದಲ ಸಾಲಿನ ಹೆಂಗಸು, ಟೀಚರ್ ಆಗಿದ್ದವರಂತೆ, ಎದ್ದು "ಎರಡು ದೋಣಿ ಮೇಲೆ ಕಾಲಿಟ್ರೆ ಮಗು ಮುಳುಗಲ್ವೇನಮ್ಮಾ?" ಎಂದರು. ನಾನು ಬರೆದುಕೊಂಡಿದ್ದ ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ನಮ್ಮೂರಲ್ಲಿ ಮೊದಲು ಈಜು ಕಲಿಸ್ತಾರೆ ಮೇಡಂ, ದೋಣಿ ಆಮೇಲೆ." ಜನ ನಕ್ಕರು. ಆ ಹೆಂಗಸೂ ನಕ್ಕರು. ಆಮೇಲೆ ಧೈರ್ಯ ಬಂತು. ಓದುವುದು ಎಂಬುದನ್ನು ಮನುಷ್ಯ ಒಂದೇ ಸಲ ಕಲಿಯುವುದು, ಗೊತ್ತಿರುವ ಮಾತಿನಲ್ಲಿ ಕಲಿತರೆ ಆಮೇಲೆ ಯಾವ ಮಾತಿಗೆ ಬೇಕಾದರೂ ಹೊತ್ತೊಯ್ಯಬಹುದು, ಗೊತ್ತಿಲ್ಲದ ಮಾತಿನಲ್ಲಿ ಕಲಿಸಿದರೆ ಮಗು ಬಾಯಿ ಅಲ್ಲಾಡಿಸುತ್ತದೆ ಅಷ್ಟೆ ಎಂದೆ. ನಿನ್ನ ಮಾತೇ, ಮೂರನೇ ಕ್ಲಾಸಿನಲ್ಲಿ ನೀನು ಹೇಳಿದ್ದು. ಛತ್ರಿಯ ಹುಡುಗ ಹಿಂದಿನ ಸಾಲಿನಲ್ಲಿ ಬರೆದುಕೊಳ್ಳುತ್ತಿದ್ದ.

ಆಗ ನೀನು ಬರೆದಿದ್ದ ಆ ಬೂದು ಕೋಟಿನವನು ಎದ್ದ. ಮಿಲ್ಯಾಂಬಿಗೆ ಖುದ್ದು ಹೋಗಿ ಬಂದಿದ್ದೇನೆ ಎಂದ. ಮೆತ್ತಗೆ, ಬೇಜಾರಿನಿಂದಲೇ ಹೇಳಿದ: "ಆ ಕೋಣೆಗೆ ಬೀಗ. ಬೀಗದಕೈ ಎಲ್ಲಿದೆ ಅಂತ ಟೀಚರಿಗೇ ಗೊತ್ತಿಲ್ಲ. ಒಳಗೆ ಧೂಳು. ಅವರಿಗೇ ಬೇಡವಾದದ್ದನ್ನ ನಾವು ಯಾಕೆ ಎಳ್ಕೊಂಡು ಹೋಗ್ಬೇಕು?"

ಚಿಕ್ಕವ್ವ, ಕ್ಯಾಸೆಟ್ ಒಂದು ನಿಮಿಷ ಮಾತ್ರ ಹಾಕುವುದೆಂದು ಹೆಲೆನ್ ಜೊತೆ ಮಾತಾಗಿತ್ತು, ಅದೇ ಸರ್‌ಪ್ರೈಸ್. ನಾನು ಅದರ ಒಂದು ಬದಿ ಪೂರ್ತಿ ಹಾಕಿದೆ. "ಧೂಳಾ ಸರ್? ಕೇಳಿ. ಇವರು ಸೈಲಾಸ್, ನನ್ನ ಅಜ್ಜ, ಆ ಕೋಣೆಯಲ್ಲಿ ಕೂತು ಓದುತ್ತಿದ್ದಾರೆ" ಎಂದು ಮೈಕಿಗೆ ಹಿಡಿದೆ. ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಜ್ಜನೊಬ್ಬರೇ ಕೆಮ್ಮಿದ್ದು, ಕ್ಯಾಸೆಟ್ಟಿನಲ್ಲಿ. ಹಾಳೆ ಮಗುಚುವ ಸದ್ದು, ನಾಯಿ ಬೊಗಳಿದ್ದು, ಮಕ್ಕಳು ಸಾಲು ಹಿಡಿದು ಜೊತೆಗೆ ಓದಿದ್ದು. ಮೂಗು ಒರೆಸಿಕೊಳ್ಳೋ ಎನ್ನುವಲ್ಲಿ, ಭಾಷೆ ಗೊತ್ತಿಲ್ಲದವರೂ ನಕ್ಕರು. ಮುಗಿದಾಗ ಎಲ್ಲರೂ ಎದ್ದು ನಿಂತರು. ಮೊದಲ ಸಾಲಿನ ಹೆಂಗಸು ಅಳುತ್ತಿದ್ದರು.

ಸೈಲಾಸ್ ಅಜ್ಜನಿಗೆ ಹೇಳು, ಅವರು ಗೆದ್ದರು ಎಂದು. ಹಿರಿಯರ ಹೆಸರು ಬರೆಯಬೇಡ ಎಂದು ನೀನು ಹೇಳಿದ್ದೆ, ಆದರೆ ಇದೊಂದು ಸಲ ಬರೆಯುತ್ತೇನೆ. ನಾಳೆ ಕೋಣೆ ತೆರೆದಾಗ ಅವರ ಮುಖ ನೋಡಬೇಕಿತ್ತು.

ನಿನ್ನ ಕೊರಾಲಿ


ಅಡಿಲೇಡ್
27 ಜೂನ್ 1999

ಚಿಕ್ಕವ್ವ,

ಮಾವ ಬಂದಿದ್ದ.

ಮೆಟ್ಟಿಲು ಹತ್ತಿ ಬರಲಿಲ್ಲ. ನಾನಿರುವ ಮನೆಯ ಎದುರಿನ ಮರದ ಕೆಳಗೆ ನಿಂತಿದ್ದ, ಈ ಊರಿನ ಚಳಿಯಲ್ಲಿ, ತೆಳುವಾದ ಅಂಗಿಯಲ್ಲಿ. ಕಿಟಕಿಯಿಂದ ಕಂಡೆ. ಅವನು ನಿಂತಿದ್ದ ಬಗೆ ನೋಡಿದಾಗಲೇ ನನಗೆ ಎಲ್ಲ ಗೊತ್ತಾಯಿತು. ಆದರೂ ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ಕಾರಣ ಕಟ್ಟಿಕೊಂಡೆ.

"ಕೂತ್ಕೋ ಮಗಾ" ಎಂದ. ನೆಲದ ಮೇಲೆ ಕೂತೆ. ಅವನು ಬೆನ್ನು ತಿರುಗಿಸಿ ಕೂತು, ಹೇಳಬೇಕಾದ ರೀತಿಯಲ್ಲಿ, ಹೆಸರೆತ್ತದೆ ಹೇಳಿದ. ಏಪ್ರಿಲ್ ಮೊದಲಲ್ಲಿ, ಆ ಕೋಣೆಯಲ್ಲೇ, ಮಕ್ಕಳು ಊಟಕ್ಕೆ ಹೋಗಿದ್ದಾಗ ಉಸಿರು ನಿಂತಿತ್ತು. ಮಕ್ಕಳೇ ಮೊದಲು ನೋಡಿದ್ದು. ಹೇಳಿ ಮುಗಿಸಿ ಅವನು ಅತ್ತ. ನಾನೂ ಅಳಬೇಕಿತ್ತು, ಅಳುವ ಹಾಡು ನನಗೆ ಬರಲಿಲ್ಲ. ಎರಡು ಸಾಲು ಮಾತ್ರ ನೆನಪಿತ್ತು, ಅದನ್ನೇ ಮತ್ತೆ ಮತ್ತೆ ಹಾಡಿದೆ. ಮಾವ ಉಳಿದದ್ದನ್ನು ಹೇಳಿಕೊಟ್ಟ. ದಾರಿಹೋಕರು ನಿಂತು ನೋಡಿದರು.

ಊರಿನಲ್ಲಿ ಆ ಸಂಜೆ ಏನಾಯಿತು ಎಂದು ಕೇಳಿದೆ. "ಅದು ನನ್ನ ಬಾಯಲ್ಲಿ ಬರೋ ಮಾತಲ್ಲ, ನಿನ್ನ ಚಿಕ್ಕವ್ವ ಬರೀತಾಳೆ" ಎಂದ. ಸಂಜೆಯ ವಿಮಾನಕ್ಕೇ ಹಿಂದಿರುಗಿದ, ಅವನಿಗೆ ಯಂತ್ರದ ಹೊತ್ತಾಗಿತ್ತು.

ಬಾನುಲಿಯವರು ಆ ದನಿಯನ್ನು ದಿನಾ ಹಾಕುತ್ತಿದ್ದಾರೆ. ಜನ ಕೇಳುತ್ತಿದ್ದಾರಂತೆ, ಮತ್ತೆ ಹಾಕಿ ಎಂದು. ನಿಲ್ಲಿಸಿ ಎಂದು ಹೋಗಿ ಬೇಡಿಕೊಂಡೆ. ಯಾಕೆ, ಇದರಿಂದಲೇ ಅಲ್ಲವೇ ಜನಕ್ಕೆ ನಿಮ್ಮ ಕಷ್ಟ ತಿಳಿಯುತ್ತಿರುವುದು ಎಂದರು. ಯಾಕೆಂದು ಹೇಳಲು ಬಾಯಿ ತೆರೆದೆ. ನೀನು ಬೀಗದಕೈ ಕಳೆದಿದೆ ಎಂದು ಯಾಕೆ ತಲೆಯಾಡಿಸಿದೆ ಎಂದು ಆಗ ಗೊತ್ತಾಯಿತು.

ಆ ದನಿಯ ಸುರುಳಿಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಮುಟ್ಟುವುದಿಲ್ಲ.

ಅಜ್ಜಿ ಹೇಗಿದ್ದಾಳೆ? ಇಷ್ಟು ಮಾತ್ರ ಬರಿ.

ಕೊರಾಲಿ


ಮಿಲ್ಯಾಂಬಿ
18 ಜುಲೈ 1999

ಪ್ರಿಯ ಕೊರಾಲಿ,

ಈ ಪತ್ರವನ್ನು ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಅನ್ಯಥಾ ಭಾವಿಸಬೇಡ. ಇಂಗ್ಲಿಷಿನಲ್ಲಿ ಬರೆದರೆ ಬರೆದದ್ದು ನನ್ನ ಕಿವಿಗೆ ಕೇಳಿಸುವುದಿಲ್ಲ. ನಿನ್ನ ಪತ್ರದಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಗಮನಿಸಿದೆ.

ವಿಷಯಗಳನ್ನು ಅನುಕ್ರಮವಾಗಿ ತಿಳಿಸುತ್ತೇನೆ.

ನೀನು ಕೇಳಿಕೊಂಡಂತೆ ರೇಡಿಯೋವನ್ನು ಮರಕ್ಕೆ ಕಟ್ಟಿದೆವು. ಎಲ್ಲರೂ ಬಂದಿದ್ದರು. ನಿನ್ನ ಅಜ್ಜಿಯನ್ನು ನಾನೇ ಮುಂದೆ ಕೂರಿಸಿದೆ. ನಿನ್ನ ದೋಣಿಯ ಮಾತಿಗೆ ಜನರು ಚಪ್ಪಾಳೆ ತಟ್ಟಿದರು. ಆಮೇಲೆ ನೀನು ಹೆಸರು ಹೇಳಿದೆ. ಆಮೇಲೆ ದನಿ ಬಂತು. ನಾನು ರೇಡಿಯೋ ನಿಲ್ಲಿಸಲು ಓಡಿದೆ. ಅದನ್ನು ಎತ್ತರದಲ್ಲಿ ಕಟ್ಟಲಾಗಿತ್ತು. ಹೆಡ್‌ಮಾಸ್ಟರ್ ಮರ ಹತ್ತಿ ಕಿತ್ತುಹಾಕಿದರು. ಅಷ್ಟರಲ್ಲಿ ನಿನ್ನ ಅಜ್ಜಿ ಕಲ್ಲು ತೆಗೆದುಕೊಂಡು ತಲೆ ಜಜ್ಜಿಕೊಂಡಿದ್ದಳು. ಅಣ್ಣ ಸತ್ತ ದಿನವೂ ಹಾಗೇ ಜಜ್ಜಿಕೊಂಡಿದ್ದ ಗಾಯ ಆಗಷ್ಟೇ ಮಾಯ್ದಿತ್ತು. ಅವಳು ಡಾರ್ವಿನ್ ಆಸ್ಪತ್ರೆಯಲ್ಲಿದ್ದಾಳೆ. ಕಣ್ಣು ತೆರೆಯುತ್ತಾಳೆ. ಮಾತಿಲ್ಲ.

ಜೀವ ಹಿಂದಿರುಗಿ ಬಂದಿದೆ ಎಂದು ಹಿರಿಯರು ತೀರ್ಮಾನಿಸಿದರು. ಅಳುವಿಕೆಯನ್ನು ಮೊದಲಿನಿಂದ ಆರಂಭಿಸಲಾಯಿತು. ಆದ್ದರಿಂದ ಹನ್ನೆರಡನೇ ತಾರೀಕು ಕೋಣೆಗೆ ಹೊಗೆ ಹಾಕಲಿಲ್ಲ. ಹದಿನಾಲ್ಕರಂದು ಸರ್ಕಾರದ ವ್ಯಕ್ತಿ ಬಂದರು. ಕೋಣೆಗೆ ಬೀಗವಿತ್ತು. ಈ ಬಾರಿ ಹೆಡ್‌ಮಾಸ್ಟರ್ ಕಾರಣ ಹೇಳಿದರು. ಆ ವ್ಯಕ್ತಿ ಸಹಾನುಭೂತಿ ಸೂಚಿಸಿದರು. ನಿನ್ನ ಭಾಷಣವನ್ನು ತಾವೂ ಕೇಳಿದ್ದಾಗಿ, ಬಹಳ ಮನಮುಟ್ಟಿತೆಂದು ತಿಳಿಸಿದರು. ವರದಿಯನ್ನು ಆಗಲೇ ಕಳಿಸಿಯಾಗಿತ್ತು.

ಶಾಲೆಯ ಮುಂದಿನ ಅವಧಿಯಿಂದ ಇಂಗ್ಲಿಷ್ ಮಾತ್ರ. ಪುಸ್ತಕದ ಕೋಣೆಯಲ್ಲಿ ಕಂಪ್ಯೂಟರ್ ಇಡುತ್ತಾರೆ. ಜುಲೈ ಒಂಬತ್ತರೊಳಗೆ ತೆರವು ಮಾಡಲು ಆದೇಶ ಬಂತು. ಊರಿನವರು ಯಾರೂ ಆ ಪುಸ್ತಕಗಳನ್ನು ಮುಟ್ಟುವಂತಿರಲಿಲ್ಲ. ಹೆಡ್‌ಮಾಸ್ಟರ್ ರಜೆಯ ಮೇಲೆ ಹೋಗಿದ್ದರು. ಹೊರಗಿನ ಗುತ್ತಿಗೆದಾರರು ಲಾರಿ ತಂದರು. ಅವರಲ್ಲೊಬ್ಬ ಸೌಜನ್ಯದಿಂದ "ಇವನ್ನ ನಿಮ್ಮ ಮನೆಗೆ ಇಳಿಸಿಕೊಡ್ಲಾ ಟೀಚರ್?" ಎಂದು ಕೇಳಿದ. ನಾನು ಬೇಡವೆಂದು ತಲೆಯಾಡಿಸಬೇಕಾಯಿತು. ಕಸ ಸುರಿಯುವ ಗುಂಡಿಗೆ ಒಯ್ದರು. ಆಮೆಯದ್ದೂ ಅದರಲ್ಲಿತ್ತು.

ನಿನ್ನ ಮೇಲೆ ಊರಿಗೆ ಸಿಟ್ಟಿದೆ. ಸ್ವಲ್ಪ ಕಾಲ ಬರಬೇಡ. ಆದರೆ ಒಂದು ಮಾತು ಸ್ಪಷ್ಟಪಡಿಸುವುದು ನನ್ನ ಕರ್ತವ್ಯ. ಜೋನಾ ಮೇ ತಿಂಗಳಲ್ಲೇ ಬರಲು ಸಿದ್ಧನಿದ್ದ. ನಾನೇ ತಡೆದೆ. ನೀನು ಸುದ್ದಿ ಕೇಳಿದರೆ ಮಾತಾಡಲಾರೆ ಎಂದು ಹೆದರಿದೆ. ಉಳಿದದ್ದನ್ನು ನನ್ನ ಪತ್ರಗಳಿಂದ ನೀನೇ ತಿಳಿಯುತ್ತೀಯ ಎಂದುಕೊಂಡೆ. ಊರಿನ ಯಾವ ಮಗುವಾದರೂ ತಿಳಿಯುತ್ತಿತ್ತು. ನಿನ್ನನ್ನು ಹನ್ನೆರಡನೇ ವಯಸ್ಸಿಗೆ ಕಳಿಸಿದವಳು ನಾನು ಎಂಬುದನ್ನು ಮರೆತಿದ್ದೆ.

ಕಳೆದ ವಾರ ಗಾಳಿ ಹೆಚ್ಚಾಗಿತ್ತು. ಗುಂಡಿಯಿಂದ ಹಾಳೆಗಳು ಹಾರಿ ಶಾಲೆಯ ಅಂಗಳಕ್ಕೆ ಬಂದವು. ಮಕ್ಕಳು ಹೊರಗಿದ್ದರು. ಒಬ್ಬರೂ ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಹಾಳೆಯ ಸುತ್ತ ಬಗ್ಗಿ ನಿಂತರು. ಮೊದಲು ಪಿಸುಮಾತಿನಲ್ಲಿ, ಆಮೇಲೆ ಒಟ್ಟಾಗಿ ಓದಿದರು. ನಾನು ತಡೆಯಬೇಕಿತ್ತು. ಗಾಳಿ ಬಂದು ಹಾಳೆಯನ್ನು ಬೇಲಿಯಾಚೆ ಒಯ್ಯುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಗಂಟೆ ಬಾರಿಸಿದೆ.

ಇತಿ,
ಮೇವಿಸ್